ಮಂಗಳವಾರ ಶುರುವಾಗುವ ವಾರ

ಸಾಗರದಲ್ಲಿರುವ ನನ್ನ ಚಿಕ್ಕಮ್ಮ ರಾಮನವಮಿಯ ಹೊತ್ತಿಗೆ ಫೋನ್ ಮಾಡಿದರು. "ಒಂದು ವಾರ ನಿಮ್ಮನೆಗೆ ಬರ್ತೀನಿ. ಮಾಲು, ಪಾರ್ಕು ಏನೂ ಬೇಡ ಮಾರಾಯ. ದಿನಾ ಸಂಜೆ ನಾಟಕನೋ ಸಂಗೀತನೋ ಒಂದು ಇರಬೇಕು, ಅಷ್ಟೆ." ನೀನಾಸಮ್ ರಂಗಸಂಸ್ಥೆಯ ಊರಾದ ಹೆಗ್ಗೋಡು ಅವರ ಮನೆಗೆ ಹತ್ತಿರ. ನೀನಾಸಮ್‌ನ ತಿರುಗಾಟ 1985ರಲ್ಲಿ ಶುರುವಾದಾಗಿನಿಂದ ಅದರ ನಾಟಕ ತಪ್ಪಿಸಿಕೊಂಡವರಲ್ಲ. ಅಂಥವರಿಗೆ ಬೆಂಗಳೂರಿನ ಆರು ಸಂಜೆ ಹೊಂದಿಸಿಕೊಡಲು ಹೋಗಿ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಿಂದ ಬರುವ ನೆಂಟರಿಗೂ, ಇಲ್ಲೇ ಇದ್ದುಕೊಂಡು ರಂಗಮಂದಿರದ ಮೆಟ್ಟಿಲು ಹತ್ತಿ ವರ್ಷಗಳಾದವರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲ ಮಾತು: ನಿಮ್ಮ ವಾರವನ್ನು ಸೋಮವಾರ ಶುರುಮಾಡಬೇಡಿ. ದಿನಕ್ಕೊಂದು ನಾಟಕ ಎಂದು ಪಣ ತೊಟ್ಟ ರಂಗಶಂಕರಕ್ಕೂ ಸೋಮವಾರ ರಜೆ. ಜೆ.ಪಿ. ನಗರ 7ನೇ ಹಂತದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಸಂಗೀತ ವಸ್ತುಸಂಗ್ರಹಾಲಯವೂ ಅವತ್ತು ಬಾಗಿಲು ಹಾಕಿರುತ್ತದೆ. ಶನಿವಾರ-ಭಾನುವಾರ ದುಡಿದ ಕಲಾವಿದರೂ ತಂತ್ರಜ್ಞರೂ ಉಸಿರು ಬಿಡುವ ದಿನ ಅದು. ಮಂಗಳವಾರ ಶುರುಮಾಡಿ, ಮುಂದಿನ ಸೋಮವಾರವನ್ನು ಊರಿಗೆ ಹೊರಡುವುದಕ್ಕೆ ಇಟ್ಟುಕೊಳ್ಳಿ.

ಎರಡನೆಯದು ಇದಕ್ಕಿಂತ ಮುಖ್ಯ. ಬೆಂಗಳೂರಿನಲ್ಲಿ ಕಾರ್ಯಕ್ರಮ ಆರಿಸುವ ಮೊದಲು ದಾರಿ ಆರಿಸಬೇಕು. ಕಲಾವಿದರ ಹೆಸರು ನೋಡಿ ಟಿಕೆಟ್ ತೆಗೆದುಕೊಂಡು, ಸಂಜೆ ಆರಕ್ಕೆ ಮನೆಯಿಂದ ಹೊರಟು, ಏಳೂವರೆಗೆ ಸಿಲ್ಕ್ ಬೋರ್ಡ್ ಹತ್ತಿರ ಬ್ರೇಕ್ ದೀಪಗಳ ಸಾಲು ನೋಡುತ್ತ ಕೂತವರು ನನಗೆ ಎಷ್ಟೋ ಜನ ಗೊತ್ತು. ನಗರದ ರಂಗಮಂದಿರಗಳು ನಾಲ್ಕು ಗುಂಪಾಗಿ ಹಂಚಿಹೋಗಿವೆ. ನಡುವೆ ಜೆ.ಸಿ. ರಸ್ತೆ. ದಕ್ಷಿಣಕ್ಕೆ ಚಾಮರಾಜಪೇಟೆ, ಬಸವನಗುಡಿ, ಹನುಮಂತನಗರದಿಂದ ಹಿಡಿದು ಜೆ.ಪಿ. ನಗರದವರೆಗೆ. ಉತ್ತರಕ್ಕೆ ಮಲ್ಲೇಶ್ವರ, ವೈಯಾಲಿಕಾವಲ್. ಪೂರ್ವಕ್ಕೆ ಇಂದಿರಾನಗರ, ದೊಮ್ಮಲೂರು, ವೈಟ್‌ಫೀಲ್ಡ್. ನೀವು ಉಳಿದುಕೊಂಡ ಜಾಗಕ್ಕೆ ಹತ್ತಿರವಾದ ಎರಡು ಗುಂಪಿಗೆ ಐದು ಸಂಜೆ ಕೊಡಿ. ದೂರದ್ದಕ್ಕೆ ಒಂದು ಸಂಜೆ ಸಾಕು. ಮೆಟ್ರೊ ಇರುವ ಕಡೆಗೆ ಕಾರು ಒಯ್ಯಬೇಡಿ. ಕೊನೆಯ ರೈಲು ರಾತ್ರಿ ಹನ್ನೊಂದರ ಆಸುಪಾಸಿಗೆ ಇರುತ್ತದೆ. ನಿಮ್ಮ ನಿಲ್ದಾಣದ್ದು ಎಷ್ಟಕ್ಕೆ ಎಂದು ಹೊರಡುವ ಮೊದಲೇ ನೋಡಿಕೊಂಡರೆ ಕೊನೆಯ ದೃಶ್ಯದ ಹೊತ್ತಿಗೆ ಗಡಿಯಾರ ನೋಡುವ ಸಂಕಟ ಇರುವುದಿಲ್ಲ.

ಯಾವತ್ತು ಎಲ್ಲಿ ಏನಿದೆ ಎಂದು ತಿಳಿಯಲು ಒಂದೇ ಜಾಗ ಇಲ್ಲ. ಟಿಕೆಟ್ ಇರುವ ಪ್ರದರ್ಶನಗಳು ಬುಕ್‌ಮೈಶೋದಲ್ಲಿ ಸಿಗುತ್ತವೆ. ಉಚಿತ ಕಛೇರಿಗಳು, ಸಭಾಗಳ ತಿಂಗಳ ಕಾರ್ಯಕ್ರಮ, ಹವ್ಯಾಸಿ ತಂಡಗಳ ಮರುಪ್ರದರ್ಶನ ಇವು ಅಲ್ಲಿ ಬರುವುದು ಕಡಿಮೆ. ಅವಕ್ಕೆ ಕನ್ನಡ ಪತ್ರಿಕೆಗಳ ಬೆಂಗಳೂರು ಪುಟದಲ್ಲಿ ಸಣ್ಣಕ್ಷರದಲ್ಲಿ ಬರುವ ದಿನದ ಕಾರ್ಯಕ್ರಮಗಳ ಪಟ್ಟಿಯೇ ಗತಿ. ಇನ್ನೊಂದು ದಾರಿಯೆಂದರೆ ಮೊದಲ ದಿನ ನೋಡಿದ ನಾಟಕದ ತಂಡದವರನ್ನೇ ಕೇಳುವುದು. ನಾಟಕದವರಿಗೆ ಉಳಿದ ನಾಟಕದವರ ಸುದ್ದಿ ಗೊತ್ತಿರುತ್ತದೆ. ನಮ್ಮ ಆರು ಸಂಜೆಗಳಲ್ಲಿ ಎರಡು ಹೀಗೆ ಬಾಯಿಮಾತಿನಲ್ಲೇ ಸಿಕ್ಕವು.

ಮೂರನೇ ಬೆಲ್ ಆದ ಮೇಲೆ

ಮಂಗಳವಾರ ನಾವು ಹೋದದ್ದು ರಂಗಶಂಕರಕ್ಕೆ. ಶಂಕರ್ ನಾಗ್ 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಮೇಲೆ, ಅವರ ಹೆಸರಿನಲ್ಲಿ ಒಂದು ರಂಗಮಂದಿರ ಕಟ್ಟಬೇಕೆಂದು ಅರುಂಧತಿ ನಾಗ್ ಮತ್ತು ಗೆಳೆಯರು ವರ್ಷಗಟ್ಟಲೆ ಓಡಾಡಿ 2004ರ ಅಕ್ಟೋಬರಿನಲ್ಲಿ ತೆರೆದ ಜಾಗ ಅದು. ಮುನ್ನೂರು ಚಿಲ್ಲರೆ ಆಸನ. ಪ್ರೇಕ್ಷಕರ ನಡುವಿಗೇ ಚಾಚಿಕೊಂಡ ರಂಗ. ಮೈಕ್ ಇಲ್ಲದೆ ಆಡಿದ ಪಿಸುಮಾತು ಹಿಂದಿನ ಸಾಲಿಗೂ ಕೇಳಿಸುತ್ತದೆ. ಕನ್ನಡ ನಾಟಕಗಳಿಗೆ ಟಿಕೆಟ್ ಸಾಮಾನ್ಯವಾಗಿ ಇನ್ನೂರು-ಮುನ್ನೂರು ರೂಪಾಯಿ ಆಸುಪಾಸು. ಟಿಕೆಟ್ ಮೇಲೆ ಆಸನದ ಸಂಖ್ಯೆ ಇರುವುದಿಲ್ಲ. ಸಾಲಿನಲ್ಲಿ ಮೊದಲು ನಿಂತವರಿಗೆ ಬೇಕಾದ ಜಾಗ. ಏಳೂವರೆ ಎಂದರೆ ಏಳೂವರೆ. ಬಾಗಿಲು ಹಾಕಿದ ಮೇಲೆ ಯಾರು ಬಂದರೂ, ಎಷ್ಟು ದೂರದಿಂದ ಬಂದರೂ ಒಳಗೆ ಬಿಡುವುದಿಲ್ಲ. ಈ ಕಟ್ಟುನಿಟ್ಟಿನ ಬಗ್ಗೆ ಗೊಣಗುವವರಿದ್ದಾರೆ. ನನಗಂತೂ ಇದು ಬೆಂಗಳೂರಿನ ಪ್ರೇಕ್ಷಕರಿಗೆ ಯಾರಾದರೂ ಕೊಟ್ಟ ಅತಿ ದೊಡ್ಡ ಗೌರವ. ಬೇಗ ಬಂದು ಕೂತವನ ಸಂಜೆಯನ್ನು ತಡವಾಗಿ ಬಂದವನ ಮೊಬೈಲ್ ಬೆಳಕಿನಿಂದ ಕಾಪಾಡುವ ನಿಯಮ ಅದು.

ಆರೂವರೆಗೆ ತಲುಪುವಂತೆ ಹೊರಡಿ. ಹಳದಿ ಮಾರ್ಗದ ರಾಗಿಗುಡ್ಡ ನಿಲ್ದಾಣದಲ್ಲಿ ಇಳಿದರೆ ಆಟೊದಲ್ಲಿ ಸ್ವಲ್ಪವೇ ದೂರ. ಹೊಟ್ಟೆಗೆ ಏನಾದರೂ ಮೊದಲೇ ಹಾಕಿಕೊಳ್ಳಿ. ಅಲ್ಲಿನ ಕೆಫೆಯ ಸಾಬುದಾನಿ ವಡೆಗೆಂದೇ ಬೇಗ ಬರುವವರಿದ್ದಾರೆ. ಒಳಗೆ ತಿಂಡಿ, ನೀರಿನ ಬಾಟಲಿ ಒಯ್ಯುವಂತಿಲ್ಲ. ವಯಸ್ಸಾದವರಿದ್ದರೆ ಒಂದು ಶಾಲು ಇರಲಿ. ಮಲೆನಾಡಿನ ಚಳಿ ಕಂಡ ಚಿಕ್ಕಮ್ಮನೇ ಎ.ಸಿ.ಗೆ ಸೆರಗು ಹೊದ್ದುಕೊಂಡು ಕೂತಿದ್ದರು. ಚಿಕ್ಕ ಮಕ್ಕಳನ್ನು ಕರೆದೊಯ್ಯುವ ಮೊದಲು ಆ ನಾಟಕಕ್ಕೆ ವಯಸ್ಸಿನ ಮಿತಿ ಏನಾದರೂ ಇದೆಯೇ ಕೇಳಿ. ಮಕ್ಕಳಿಗೇ ಬೇಕೆಂದರೆ ಜುಲೈನಲ್ಲಿ ಅಲ್ಲೇ 'ಆಹಾ' ಎಂಬ ಮಕ್ಕಳ ನಾಟಕೋತ್ಸವ ನಡೆಯುತ್ತದೆ, ಅದಕ್ಕೆ ಹೋಗಿ.

ಯಾವ ನಾಟಕ ಎಂದು ಕೇಳಿದರೆ ನನ್ನ ಉತ್ತರ: ಹೊಸ ತಂಡದ ಹೊಸ ನಾಟಕ ಒಂದು, ಹಳೆಯ ತಂಡದ ಮರುಪ್ರದರ್ಶನ ಒಂದು. ಬಿ.ವಿ. ಕಾರಂತರು 1974ರಲ್ಲಿ ಕಟ್ಟಿದ 'ಬೆನಕ' ತಂಡ ಇವತ್ತಿಗೂ 'ಸತ್ತವರ ನೆರಳು', 'ಜೋಕುಮಾರಸ್ವಾಮಿ', 'ಹಯವದನ' ನಾಟಕಗಳನ್ನು ಆಗಾಗ ರಂಗಕ್ಕೆ ತರುತ್ತದೆ. ಶ್ರೀರಂಗರ 'ಸತ್ತವರ ನೆರಳು' ನಾಟಕವನ್ನು ಕಾರಂತರು ದಾಸರ ಪದಗಳಿಂದ ತುಂಬಿಸಿದ ಬಗೆಯನ್ನು ಪುಸ್ತಕ ಓದಿ ಅರಿಯಲು ಆಗುವುದಿಲ್ಲ, ಕೂತು ಕೇಳಬೇಕು. ಸಂಗೀತವೋ ನಾಟಕವೋ ಎಂದು ಆರಿಸಲಾಗದವರಿಗೆ ಒಂದೇ ಟಿಕೆಟ್ಟಿನಲ್ಲಿ ಎರಡೂ ಸಿಗುವುದು ಇಂಥ ಕಡೆ.

ಬುಧವಾರ ಜೆ.ಸಿ. ರಸ್ತೆ. ಕೆ.ಆರ್. ಮಾರ್ಕೆಟ್ ಮೆಟ್ರೊ ನಿಲ್ದಾಣದಿಂದ ಟೌನ್‌ಹಾಲ್ ದಾಟಿ ನಡೆದರೆ ರವೀಂದ್ರ ಕಲಾಕ್ಷೇತ್ರ. ರವೀಂದ್ರನಾಥ ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ್ದು; 1963ರಲ್ಲಿ ತೆರೆಯಿತು. ಆದರೆ ಚಿಕ್ಕಮ್ಮ ಮೊದಲು ಕೇಳಿದ್ದು ಹಿಂಭಾಗದ ಬಯಲು ರಂಗಮಂದಿರವನ್ನು. ಈಗ ಸಂಸ ಬಯಲು ರಂಗಮಂದಿರ ಎಂದು ಕರೆಯುತ್ತಾರೆ. 1972ರಲ್ಲಿ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲೇ ಕಾರಂತರು 'ಈಡಿಪಸ್', ಲಂಕೇಶರ 'ಸಂಕ್ರಾಂತಿ', ಕಂಬಾರರ 'ಜೋಕುಮಾರಸ್ವಾಮಿ' ಮೂರನ್ನೂ ಆಡಿಸಿದರು. ಕನ್ನಡದ ಹವ್ಯಾಸಿ ರಂಗಭೂಮಿ ಅಲ್ಲಿಂದ ಮುಂದೆ ಬೇರೆಯೇ ದಿಕ್ಕು ಹಿಡಿಯಿತು. ಕಾರ್ಯಕ್ರಮ ಇಲ್ಲದಿದ್ದರೂ ಆ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತು ಬನ್ನಿ.

ಜೆ.ಸಿ. ರಸ್ತೆಯ ಅನುಕೂಲವೆಂದರೆ ಒಂದು ಕಡೆ ಇಲ್ಲದಿದ್ದರೆ ಇನ್ನೊಂದು ಕಡೆ ಇರುತ್ತದೆ. ಕಲಾಕ್ಷೇತ್ರದ ಪಕ್ಕದಲ್ಲೇ ಕನ್ನಡ ಭವನದ ನಯನ ಸಭಾಂಗಣ. ಅದೇ ರಸ್ತೆಯಲ್ಲಿ 1909ರಲ್ಲಿ ಹುಟ್ಟಿದ ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ನಿನ ಎ.ಡಿ.ಎ. ರಂಗಮಂದಿರ. ಇಲ್ಲಿ ಉಚಿತ ಕಾರ್ಯಕ್ರಮಗಳು ಬಹಳ. ಉಚಿತ ಎಂದಾಗ ಆಹ್ವಾನ ಪತ್ರಿಕೆಯನ್ನು ಕೊನೆಯವರೆಗೂ ಓದಿ. ಐದೂವರೆ ಎಂದು ದಪ್ಪಕ್ಷರದಲ್ಲಿ ಇರುವುದು ಸಭಾ ಕಾರ್ಯಕ್ರಮಕ್ಕೆ: ಉದ್ಘಾಟನೆ, ಅಧ್ಯಕ್ಷರ ಮಾತು, ಸನ್ಮಾನ. 'ನಂತರ ನಾಟಕ' ಎಂದು ಕೆಳಗೆ ಇರುತ್ತದೆ. ಸಂಘಟಕರಿಗೆ ಫೋನ್ ಮಾಡಿ ನಾಟಕ ಎಷ್ಟಕ್ಕೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಆದರೂ ಸನ್ಮಾನ ಯಾರಿಗೆ ಎಂದು ನೋಡಿ. ನಲವತ್ತು ವರ್ಷ ಬಣ್ಣ ಹಚ್ಚಿದ ಪ್ರಸಾಧನ ಕಲಾವಿದರಿಗೋ, ಬೆಳಕು ಹಿಡಿದವರಿಗೋ ಆಗಿದ್ದರೆ ಹೋಗಿ ಕೂತು ಚಪ್ಪಾಳೆ ತಟ್ಟಬೇಕು. ಅವರಿಗೆ ಅಂಥ ಸಂಜೆ ಮತ್ತೆ ಮತ್ತೆ ಬರುವುದಿಲ್ಲ.

ಹವ್ಯಾಸಿ ತಂಡದವರು ಹಗಲು ಬ್ಯಾಂಕು, ಶಾಲೆ, ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿದು, ರಾತ್ರಿ ಯಾರದೋ ಮನೆಯ ಮಹಡಿಯ ಮೇಲೆ ತಾಲೀಮು ಮಾಡಿ ನಾಟಕ ಕಟ್ಟುತ್ತಾರೆ. ಸಭಾಂಗಣದ ಬಾಡಿಗೆ, ಬೆಳಕಿನ ಬಾಡಿಗೆ, ರಂಗಸಜ್ಜಿಕೆ ಸಾಗಿಸುವ ಟೆಂಪೋ, ಎಲ್ಲಕ್ಕೂ ದುಡ್ಡು ಕೈಯಿಂದಲೇ ಹೋಗುತ್ತದೆ. ಪರಿಚಯದವರ ನಾಟಕ ಎಂದು ಪಾಸ್ ಕೇಳಬೇಡಿ. ಪರಿಚಯದವರದ್ದು ಎನ್ನುವುದಕ್ಕೇ ಎರಡು ಟಿಕೆಟ್ ಹೆಚ್ಚು ಕೊಳ್ಳಿ. ನಾಟಕ ಮುಗಿದ ಮೇಲೆ ಹತ್ತು ನಿಮಿಷ ನಿಂತು ನಟರನ್ನು ಮಾತಾಡಿಸಿ. ಬಣ್ಣ ತೆಗೆಯುತ್ತಿದ್ದ ಒಬ್ಬ ಹುಡುಗಿಯ ಕೈ ಹಿಡಿದು ಚಿಕ್ಕಮ್ಮ, "ಎರಡನೇ ದೃಶ್ಯದಲ್ಲಿ ನೀನು ಸುಮ್ನೆ ನಿಂತಿದ್ಯಲ್ಲ, ಅದು ಚೆನ್ನಾಗಿತ್ತು" ಎಂದರು. ಆ ಹುಡುಗಿಯ ಮುಖ ನನಗೆ ಇನ್ನೂ ನೆನಪಿದೆ.

ಕಛೇರಿಗೆ ಕೂರುವ ಬಗೆ

ಗುರುವಾರ ಮತ್ತು ಶುಕ್ರವಾರ ಸಂಗೀತಕ್ಕೆ. ಚಿಕ್ಕಮ್ಮ ಬಂದ ಕಾಲ ಚೆನ್ನಾಗಿತ್ತು. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ನಡೆಯುತ್ತಿತ್ತು. ಎಸ್.ವಿ. ನಾರಾಯಣಸ್ವಾಮಿ ರಾವ್ 1939ರಲ್ಲಿ ಶುರುಮಾಡಿದ್ದು. ಸುಮಾರು ಒಂದು ತಿಂಗಳು ನಡೆಯುವ ಇಂಥ ಉತ್ಸವ ದೇಶದಲ್ಲೇ ಅಪರೂಪ. ಚಪ್ಪರದಡಿ ಕುರ್ಚಿ ಹಾಕಿ ಕೂರಿಸುತ್ತಾರೆ. ದಿನದ ಟಿಕೆಟ್ ಸಿಗುತ್ತದೆ, ಇಡೀ ಉತ್ಸವದ ಪಾಸೂ ಸಿಗುತ್ತದೆ. ಏಪ್ರಿಲ್ ಸಂಜೆಯ ಮಳೆ ಯಾವಾಗ ಬರುತ್ತದೆಂದು ಹೇಳಲಾಗದು, ಛತ್ರಿ ಬ್ಯಾಗಿನಲ್ಲೇ ಇರಲಿ.

ಬೇರೆ ತಿಂಗಳಲ್ಲಿ ಬರುವವರು ಬೇಸರಪಡಬೇಕಾಗಿಲ್ಲ. ಕೆ.ಆರ್. ರಸ್ತೆಯ ಬೆಂಗಳೂರು ಗಾಯನ ಸಮಾಜ 1905ರಿಂದ ನಡೆಯುತ್ತಿದೆ. ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣ ಅದಕ್ಕೆ ಹತ್ತಿರ. ಕಛೇರಿ ಮುಗಿಸಿ ನಡೆದುಕೊಂಡು ಸಜ್ಜನ್ ರಾವ್ ವೃತ್ತದ ತಿಂಡಿ ಬೀದಿಗೆ ಹೋಗಬಹುದು. ಬಸವನಗುಡಿಯಲ್ಲಿ ಬಿ.ಪಿ. ವಾಡಿಯಾ ಹೆಸರಿನ ರಸ್ತೆಯಲ್ಲಿ, ಅವರೇ 1945ರಲ್ಲಿ ಆರಂಭಿಸಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ. ಅಲ್ಲಿ ಸಂಗೀತವೂ ಉಪನ್ಯಾಸವೂ ಉಚಿತ. ಕಾರ್ಯಕ್ರಮಕ್ಕೆ ಮೊದಲು ವಿದ್ಯಾರ್ಥಿ ಭವನದ ದೋಸೆ ತಿನ್ನೋಣ ಎಂದುಕೊಳ್ಳುವವರು ನೆನಪಿಡಿ, ಶುಕ್ರವಾರ ಅದಕ್ಕೆ ರಜೆ. ಉತ್ತರದ ಕಡೆ ಇರುವವರಿಗೆ ಮಲ್ಲೇಶ್ವರದ ಸೇವಾಸದನ ಇದೆ, ಗಾಯತ್ರಿದೇವಿ ಪಾರ್ಕ್ ಪಕ್ಕದಲ್ಲಿ ಚೌಡಯ್ಯ ಸ್ಮಾರಕ ಭವನ ಇದೆ. ಏಳು ತಂತಿಯ ಪಿಟೀಲು ನುಡಿಸಿದ ತಿರುಮಕೂಡಲು ಚೌಡಯ್ಯನವರ ನೆನಪಿಗೆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಭವನ. ಒಳಗೆ ಕೂತವರಿಗೆ ಆಕಾರ ಕಾಣುವುದಿಲ್ಲ, ಹಗಲಿರುವಾಗಲೇ ಹೋಗಿ ಹೊರಗಿನಿಂದ ನೋಡಿ.

ಕರ್ನಾಟಕ ಸಂಗೀತ ಕೇಳಿ ಅಭ್ಯಾಸವಿಲ್ಲದವರು ಕಛೇರಿಗೆ ಹೆದರುತ್ತಾರೆ. ಎರಡೂವರೆ-ಮೂರು ಗಂಟೆ ಏನು ಮಾಡುವುದು ಎಂದು. ಅದರ ನಡಿಗೆ ಗೊತ್ತಿದ್ದರೆ ಹೆದರಿಕೆ ಹೋಗುತ್ತದೆ. ವರ್ಣದಿಂದಲೋ ಗಣಪತಿಯ ಮೇಲಿನ ಕೃತಿಯಿಂದಲೋ ಶುರು. ಒಂದೆರಡು ಚಿಕ್ಕ ಕೃತಿಗಳಾದ ಮೇಲೆ ಗಾಯಕರು ಸಾಹಿತ್ಯವಿಲ್ಲದೆ ರಾಗವನ್ನಷ್ಟೇ ನಿಧಾನವಾಗಿ ಬಿಡಿಸತೊಡಗುತ್ತಾರೆ. ಅವತ್ತಿನ ಮುಖ್ಯ ಕೃತಿ ಹತ್ತಿರ ಬಂತು ಎಂದು ಅರ್ಥ. ಗಾಯಕರು ನಿಲ್ಲಿಸಿದಲ್ಲಿಂದ ಪಿಟೀಲು ಅದೇ ರಾಗವನ್ನು ತನ್ನ ದನಿಯಲ್ಲಿ ಹೇಳುತ್ತದೆ. ಆಮೇಲೆ ಕೃತಿ, ಒಂದೇ ಸಾಲನ್ನು ಹತ್ತಾರು ಬಗೆಯಲ್ಲಿ ಹಾಡುವ ನೆರವಲ್, ಸ್ವರಗಳ ಆಟ. ಅದರ ತುದಿಗೆ ಮೃದಂಗಕ್ಕೂ ಘಟ ಅಥವಾ ಖಂಜಿರಕ್ಕೂ ಬಿಟ್ಟುಕೊಡುವ ತನಿ ಆವರ್ತನ.

ಈ ತನಿಯ ಹೊತ್ತಿಗೇ ನಮ್ಮ ಸಭೆಗಳಲ್ಲಿ ಅರ್ಧ ಜನ ಎದ್ದು ಕಾಫಿಗೆ ಹೋಗುತ್ತಾರೆ. ಎರಡು ಗಂಟೆ ಗಾಯಕರ ನೆರಳಾಗಿ ನಡೆದ ಮೃದಂಗದವರಿಗೆ ತಮ್ಮದೇ ಮಾತು ಹೇಳಲು ಸಿಗುವ ಹತ್ತು-ಹದಿನೈದು ನಿಮಿಷ ಅದು. ಆಗ ಖಾಲಿ ಕುರ್ಚಿ ತೋರಿಸುವುದು ನೋವಿನ ಸಂಗತಿ. ದಯವಿಟ್ಟು ಕೂತಿರಿ. ತಾಳ ಗೊತ್ತಿಲ್ಲದಿದ್ದರೂ ಪರವಾಗಿಲ್ಲ; ಮುಂದಿನ ಸಾಲಿನ ಹಿರಿಯರ ಕೈ ನೋಡಿ, ತೊಡೆಯ ಮೇಲೆ ಸದ್ದಾಗದಂತೆ ಹಾಕುತ್ತ ಹೋಗಿ. ಐದು ನಿಮಿಷದಲ್ಲಿ ಆದಿತಾಳದ ಎಂಟು ಎಣಿಕೆ ಕೈಗೆ ಹತ್ತುತ್ತದೆ. ಲೆಕ್ಕ ತಪ್ಪಿ ಹೋಯಿತು ಅನ್ನಿಸಿದ ಜಾಗದಿಂದ ಮೃದಂಗ ಸರಿಯಾಗಿ ಮನೆ ಸೇರುವುದನ್ನು ಕೈಯಲ್ಲೇ ಅನುಭವಿಸಿದವರು ಮತ್ತೆ ಕಾಫಿಗೆ ಏಳುವುದಿಲ್ಲ. ಏಳಲೇಬೇಕಾದವರು ಎರಡು ಕೃತಿಗಳ ನಡುವೆ ಏಳಿ, ಮೊದಲೇ ಸಾಲಿನ ತುದಿಯ ಕುರ್ಚಿ ಹಿಡಿಯಿರಿ. ತನಿಯ ನಂತರ ಬರುವುದು ತುಕ್ಕಡಗಳು: ದೇವರನಾಮ, ವಚನ, ಜಾವಳಿ, ಕೊನೆಗೆ ಮಂಗಳ. ಬೆಂಗಳೂರಿಗೆ ಬಂದ ಹೊರಗಿನ ವಿದ್ವಾಂಸರೂ ಇಲ್ಲಿ ಪುರಂದರದಾಸರದ್ದೋ ಕನಕದಾಸರದ್ದೋ ಒಂದಾದರೂ ಹಾಡುತ್ತಾರೆ. ಕನ್ನಡದ ಕಿವಿಗೆ ಆ ಅರ್ಧ ಗಂಟೆ ಹಬ್ಬ. ಬೇಗ ಎದ್ದವರು ಅದನ್ನೂ ಕಳೆದುಕೊಳ್ಳುತ್ತಾರೆ.

ನಗುವಿಗೂ ಒಂದು ವಂಶಾವಳಿ

ಶನಿವಾರ ನಗುವಿಗೆ ಇಟ್ಟುಕೊಂಡೆವು. ಸ್ಟ್ಯಾಂಡ್‌ಅಪ್ ಎಂದಾಗ ಚಿಕ್ಕಮ್ಮ, "ಅದು ಇಂಗ್ಲಿಷಲ್ಲಿ ಬೈಯೋದಲ್ವೇನೋ?" ಎಂದು ಅನುಮಾನಿಸಿದರು. ಕೆಲವು ಕಡೆ ಅದೂ ಇದೆ. ಆದರೆ ಏಳೆಂಟು ವರ್ಷಗಳಲ್ಲಿ ಕನ್ನಡದಲ್ಲೇ ನಿಂತು ನಗಿಸುವ ಒಂದು ಗುಂಪು ಬೆಳೆದಿದೆ. 'ಲೋಲ್‌ಬಾಗ್' ತಂಡದವರು, ಸೋನು ವೇಣುಗೋಪಾಲ್ ಮೊದಲಾದವರು ಪ್ರೇಕ್ಷಕರನ್ನು ಕಟ್ಟಿಕೊಂಡಿದ್ದಾರೆ. ಹನುಮಂತನಗರದ ಕೆ.ಎಚ್. ಕಲಾಸೌಧದಂಥ ನಾಟಕದ ಜಾಗಗಳಲ್ಲೂ, ಇಂದಿರಾನಗರ, ಕೋರಮಂಗಲದ ಕೆಫೆಗಳಲ್ಲೂ ಇಂಥ ಪ್ರದರ್ಶನಗಳು ನಡೆಯುತ್ತವೆ.

ಟಿಕೆಟ್ ತೆಗೆದುಕೊಳ್ಳುವಾಗ ಮೂರು ಸಂಗತಿ ನೋಡಿ. ಭಾಷೆ ಯಾವುದೆಂದು ಬರೆದಿರುತ್ತದೆ. ಹೆಸರು ಕನ್ನಡದ್ದಾದ ಮಾತ್ರಕ್ಕೆ ಹಾಸ್ಯ ಕನ್ನಡದ್ದಾಗಿರಬೇಕಿಲ್ಲ. ವಯಸ್ಸಿನ ಮಿತಿ ಹದಿನಾರೋ ಹದಿನೆಂಟೋ ಎಂದಿದ್ದರೆ ಅದನ್ನು ನಂಬಿ, ಮನೆಮಂದಿಯೆಲ್ಲ ಒಟ್ಟಿಗೆ ಹೋಗುವುದಾದರೆ ಮಿತಿಯಿಲ್ಲದ್ದನ್ನೇ ಆರಿಸಿ. ಮೂರನೆಯದು, ಓಪನ್ ಮೈಕೋ ಪೂರ್ಣ ಪ್ರದರ್ಶನವೋ ಎಂಬುದು. ಓಪನ್ ಮೈಕ್‌ನಲ್ಲಿ ಹತ್ತು ಹನ್ನೆರಡು ಮಂದಿ ತಲಾ ನಾಲ್ಕೈದು ನಿಮಿಷ ಹೊಸ ಮಾತುಗಳನ್ನು ಒರೆಗೆ ಹಚ್ಚುತ್ತಾರೆ. ಟಿಕೆಟ್ ಅಗ್ಗ, ಕೆಲವು ನಗೆ ಹುಟ್ಟುವುದೇ ಇಲ್ಲ. ಒಬ್ಬರೇ ಒಂದು ಗಂಟೆ ನಿಲ್ಲುವ ಪ್ರದರ್ಶನ ಆ ತಿಂಗಳುಗಟ್ಟಲೆ ಒರೆಯ ಫಲ. ನಾನು ಎರಡನ್ನೂ ನೋಡಿ ಎನ್ನುತ್ತೇನೆ. ನಗು ಹುಟ್ಟದ ನಾಲ್ಕು ನಿಮಿಷ ಬೆಳಕಿನಲ್ಲಿ ನಿಂತು ಮುಗಿಸುವ ಹುಡುಗನ ಧೈರ್ಯ ನೋಡಿದರೆ, ನಗು ಹುಟ್ಟಿಸುವವನ ಕೆಲಸ ಎಷ್ಟು ಕಷ್ಟದ್ದೆಂದು ತಿಳಿಯುತ್ತದೆ. ಮುಂದಿನ ಸಾಲಿನಲ್ಲಿ ಕೂತರೆ ನಿಮ್ಮನ್ನು ಮಾತಾಡಿಸಿಯೇ ತೀರುತ್ತಾರೆ. ಇಷ್ಟವಿಲ್ಲದವರು ಮೂರನೇ ಸಾಲಿಗೆ ಹೋಗಿ. ಮೊಬೈಲಿನಲ್ಲಿ ಹಿಡಿಯಬೇಡಿ. ಹಾಡನ್ನು ನೂರು ಸಲ ಕೇಳಬಹುದು, ನಗೆಮಾತು ಒಮ್ಮೆ ವಾಟ್ಸಾಪಿನಲ್ಲಿ ಹರಿದಾಡಿದರೆ ಆ ಕಲಾವಿದರಿಗೆ ಮತ್ತೆ ಉಪಯೋಗಕ್ಕಿಲ್ಲ. ಅವರ ವರ್ಷದ ದುಡಿಮೆ ಅಲ್ಲಿಗೆ ಮುಗಿದಂತೆ.

ಪಿ.ಜಿ. ಹಾಸ್ಟೆಲಿನ ಸಾಂಬಾರಿನ ಬಗ್ಗೆ ಮಾತಾಡಿದ ಒಬ್ಬನಿಗೆ ಚಿಕ್ಕಮ್ಮ ಕಣ್ಣೊರೆಸಿಕೊಂಡು ನಕ್ಕರು. ಹೊರಗೆ ಬಂದ ಮೇಲೆ, "ಇವನ ಮಾತಲ್ಲಿ ಅರ್ಧ ಇಂಗ್ಲಿಷ್ ಇತ್ತು. ಕೈಲಾಸಂ ಪಾತ್ರಗಳೂ ಹಿಂಗೇ ಮಾತಾಡ್ತಿದ್ವು" ಎಂದರು. ನನಗೆ ಅದುವರೆಗೆ ಹೊಳೆದಿರಲಿಲ್ಲ. ಇಂಗ್ಲಿಷ್ ಬೆರೆತ ಬೆಂಗಳೂರಿನ ಮನೆಮಾತನ್ನು ಟಿ.ಪಿ. ಕೈಲಾಸಂ 1918ರಷ್ಟು ಹಿಂದೆಯೇ 'ಟೊಳ್ಳುಗಟ್ಟಿ'ಯಲ್ಲಿ ರಂಗಕ್ಕೆ ತಂದಿದ್ದರು. ಆಮೇಲೆ ಬೀಚಿ ಬಂದರು, ಅವರ ತಿಂಮ ಬಂದ. 'ಲಂಚಾವತಾರ' ಆಡುತ್ತ ಅವತ್ತಿನ ಪೇಪರಿನ ಸುದ್ದಿಯನ್ನು ಅವತ್ತೇ ರಂಗದ ಮೇಲೆ ಝಾಡಿಸುತ್ತಿದ್ದ ಮಾಸ್ಟರ್ ಹಿರಣ್ಣಯ್ಯ ಬಂದರು. ಊರೂರಿನ ನಗೆಹಬ್ಬಗಳಲ್ಲಿ ಮೈಕ್ ಹಿಡಿದ ಗಂಗಾವತಿ ಪ್ರಾಣೇಶ್, ಪ್ರೊ. ಕೃಷ್ಣೇಗೌಡ ಬಂದರು. ಕೆಫೆಯ ಮೂಲೆಯ ಇಟ್ಟಿಗೆ ಗೋಡೆಯ ಮುಂದೆ ನಿಂತ ಈ ಹುಡುಗ ಆ ಸಾಲಿನ ಕೊನೆಯವನು. ನಿಮ್ಮ ವಾರದಲ್ಲಿ ನಗೆಹಬ್ಬವೊಂದು ಸಿಕ್ಕರೆ ಅದನ್ನೂ ಬಿಡಬೇಡಿ. ಅಲ್ಲಿ ಹಾಸ್ಯಕ್ಕೆ ವಯಸ್ಸಿನ ಮಿತಿ ಇಲ್ಲ.

ಉಳಿದ ದಿನ, ಉಳಿದ ದಿಕ್ಕು

ಭಾನುವಾರ ಪೂರ್ವಕ್ಕೆ ಹೋಗಿ. ವಾಹನ ಸಂಚಾರ ತುಸು ಹಗುರ ಇರುವುದು ಅವತ್ತೇ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರಿನಲ್ಲಿ ಸಂಗೀತ, ನಾಟಕ, ಮಾತುಕತೆ ಹೆಚ್ಚಿನವು ಉಚಿತ. ಹೆಸರು ನೋಂದಾಯಿಸಿ ಬೇಗ ಹೋಗಿ ಕೂರಬೇಕು. ವೈಟ್‌ಫೀಲ್ಡ್‌ನ ಜಾಗೃತಿ ರಂಗಮಂದಿರ ಚಿಕ್ಕದು, ಚೊಕ್ಕದು. ಇಂಗ್ಲಿಷ್ ನಾಟಕಗಳೇ ಹೆಚ್ಚು. ಅದೇ ಕಡೆಯ ವಿಂಡ್‌ಮಿಲ್ಸ್‌ನಲ್ಲಿ ಊಟದ ಮೇಜಿನ ಮುಂದೆಯೇ ಜಾಸ್ ಕೇಳಬಹುದು, ದರ ಮಾತ್ರ ಭಾರಿ. 2023ರಿಂದ ನೇರಳೆ ಮೆಟ್ರೊ ಕಾಡುಗೋಡಿಯವರೆಗೆ ಹೋಗುತ್ತಿದೆ. ನಿಲ್ದಾಣದಿಂದಾಚೆ ಆಟೊ ಬೇಕೇ ಬೇಕು. ಅಷ್ಟು ದೂರ ಬೇಡ ಎನ್ನುವವರಿಗೆ ಎಂ.ಜಿ. ರಸ್ತೆ ಮೆಟ್ರೊ ನಿಲ್ದಾಣದ ಪಕ್ಕದಲ್ಲೇ 'ರಂಗಸ್ಥಳ' ಎಂಬ ಪುಟ್ಟ ಸಭಾಂಗಣವಿದೆ.

ನಾವು ಭಾನುವಾರ ಪೂರ್ವಕ್ಕೆ ಹೋಗಲಿಲ್ಲ. ಚಿಕ್ಕಮ್ಮನಿಗೆ ಮತ್ತೆ ರಂಗಶಂಕರವೇ ಬೇಕಾಯಿತು. ವಾರಾಂತ್ಯದಲ್ಲಿ ಅಲ್ಲಿ ಮಧ್ಯಾಹ್ನ ಮೂರೂವರೆಗೂ ಪ್ರದರ್ಶನ ಇರುವುದುಂಟು. ಮಧ್ಯಾಹ್ನದ ನಾಟಕ ನೋಡಿ ಬೆಳಕಿರುವಾಗಲೇ ಮನೆ ಸೇರುವುದು ವಯಸ್ಸಾದವರಿಗೆ ಎಷ್ಟು ಹಿತ ಎಂದು ಅವತ್ತು ನನಗೆ ಅರಿವಾಯಿತು. ದಿನಕ್ಕೆ ಎರಡು ಕಾರ್ಯಕ್ರಮ ತುರುಕುವ ಆಸೆ ಬಿಡಿ. ಒಂದನ್ನು ನೋಡಿ ಅದರ ಬಗ್ಗೆ ಮಾತಾಡುತ್ತ ಊಟ ಮಾಡುವುದಕ್ಕೂ ಸಮಯ ಬೇಕು.

ಖರ್ಚಿನ ಲೆಕ್ಕ ಕೇಳುವವರಿಗೆ: ಮೂರು ಟಿಕೆಟ್ಟಿನ ಸಂಜೆ, ಮೂರು ಉಚಿತ ಅಥವಾ ಅಲ್ಪದರದ ಸಂಜೆ, ಮೆಟ್ರೊ, ಆಟೊ, ತಿಂಡಿ ಎಲ್ಲ ಸೇರಿ ನಮ್ಮಿಬ್ಬರಿಗೆ ನಾಲ್ಕು ಸಾವಿರದೊಳಗೇ ಮುಗಿಯಿತು.

ಕಾಲ ನೋಡಿ ಬರುವಂತಿದ್ದರೆ ರಾಮನವಮಿಯ ತಿಂಗಳು ಸಂಗೀತದವರಿಗೆ. ಗಣೇಶನ ಹಬ್ಬದ ಹೊತ್ತು ಸಿನಿಮಾ ಹಾಡು, ಆರ್ಕೆಸ್ಟ್ರಾ ಇಷ್ಟಪಡುವವರಿಗೆ. 1962ರಲ್ಲಿ ಶುರುವಾದ ಬೆಂಗಳೂರು ಗಣೇಶ ಉತ್ಸವ ಅವುಗಳಲ್ಲಿ ದೊಡ್ಡದು. ನವೆಂಬರಿನಲ್ಲಿ ರಾಜ್ಯೋತ್ಸವದ ವೇದಿಕೆ ಬೀದಿಬೀದಿಯಲ್ಲಿ. ಮಳೆಗಾಲದಲ್ಲಿ ಕರಾವಳಿಯ ತಿರುಗಾಟ ನಿಲ್ಲಿಸಿದ ಯಕ್ಷಗಾನ ಮೇಳಗಳು ಬೆಂಗಳೂರಿಗೆ ಬರುತ್ತವೆ. ಕಲಾಕ್ಷೇತ್ರದಲ್ಲಿ ಇಡೀ ರಾತ್ರಿಯ ಆಟ. ಹೊರಗೆ ಜೆ.ಸಿ. ರಸ್ತೆಯಲ್ಲಿ ಮಳೆ, ಒಳಗೆ ಚಂಡೆ. ಬೆಳಗಿನ ಮೊದಲ ಮೆಟ್ರೊದಲ್ಲಿ ಮನೆಗೆ ಹೋದರಾಯಿತು.

ಸೋಮವಾರ ರಾತ್ರಿ ತಾಳಗುಪ್ಪದ ರೈಲಿಗೆ ಚಿಕ್ಕಮ್ಮನನ್ನು ಹತ್ತಿಸಿದೆ. ಆರು ದಿನದ ಟಿಕೆಟ್ಟು, ಆಹ್ವಾನ ಪತ್ರಿಕೆಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕೈಚೀಲದಲ್ಲಿ ಇಟ್ಟುಕೊಂಡಿದ್ದರು. ರೈಲು ಹೊರಡುವ ಮೊದಲು ಕಿಟಕಿಯಿಂದ ಬಗ್ಗಿ, "ಮಳೆ ಹಿಡಿದ ಮೇಲೆ ಮೇಳ ಯಾವತ್ತು ಬರ್ತದೆ ನೋಡಿ ಫೋನ್ ಮಾಡು. ಆಗ ಮಂಗಳವಾರಕ್ಕೆ ಸರಿಯಾಗಿ ಬರ್ತೀನಿ" ಎಂದರು.